ಅಜ್ಜಿಗೆ ಬಿಡಿ

"ಅಜ್ಜಿಗೆ ಬಿಡಿ" ಎಂದು ಮೊದಲು ಕೂಗಿದವನು ಎದುರುಮನೆಯ ದರ್ಜಿ. ಹೊಲಿಗೆ ಮಷೀನಿನ ಸ್ವಿಚ್ಚು ಆರಿಸಿ, ಬಾಗಿಲಿಗೆ ಬಂದು, ಪಕ್ಕದ ಮನೆಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ. ಪಕ್ಕದ ಮನೆಯವರು ಫ್ಯಾನು ನಿಲ್ಲಿಸಿ ಅವರ ಪಕ್ಕದವರಿಗೆ ಕೂಗಿದರು. ಹಾಗೆ ಮಾತು ಬಾಗಿಲಿಂದ ಬಾಗಿಲಿಗೆ ದಾಟಿ ಬೀದಿಯ ಕೊನೆಯ ನಲ್ಲಿಯವರೆಗೆ ಹೋಯಿತು. ಮಾತು ಹೋದಲ್ಲೆಲ್ಲ ದೀಪ ಆರಿತು. ಎಲ್ಲ ಆರಿದ ಮೇಲೆ ಒಂದು ಮನೆಯಲ್ಲಿ ಮಾತ್ರ ಒಂದು ಮಷೀನು ಕೀಂಗುಡುವುದನ್ನು ಬಿಟ್ಟು ಸರಿಯಾಗಿ ತಿರುಗಿತು. ಅಲ್ಲೊಂದು ಮುದಿಜೀವಕ್ಕೆ ಉಸಿರು ಬಂತು.

ಆ ಮುದಿಜೀವ ಚೀಲದಜ್ಜಿ. ಪ್ರಾಯದಲ್ಲಿ ಸಿಮೆಂಟ್ ಗೋದಾಮಿನಲ್ಲಿ ಖಾಲಿ ಚೀಲ ಕೊಡವಿದವಳು. ಚೀಲವನ್ನು ತಿರುವಿ, ಕಲ್ಲಿಗೆ ಬಡಿದು, ಮೂಲೆಯಲ್ಲಿ ಕೂತ ಪುಡಿಯನ್ನೂ ಬಿಡದೆ ಉದುರಿಸಿ ಗುಡ್ಡೆ ಹಾಕಬೇಕು. ಬಾಯಿಗೆ ಕಟ್ಟಿದ ಬಟ್ಟೆ ಮಧ್ಯಾಹ್ನದ ಹೊತ್ತಿಗೆ ಹಲಗೆಯಂತೆ ಬಿರುಸಾಗುತ್ತಿತ್ತು. ಉದುರಿದ್ದು ಧಣಿಯ ಪಾಲು. ಹಾರಿದ್ದು ಇವಳ ಎದೆಯ ಪಾಲು. ಈಗ ಎದೆ ಕಟ್ಟಿಹೋಗಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ, ಕೂತೇ ಊಟ. ಬಾಯಿ ಮಾತ್ರ ಕಟ್ಟಿರಲಿಲ್ಲ.

"ನಾನು ಸತ್ರೆ ಹೂಳೋಕೆ ಹಾರೆ ಸಾಲದು ಕಣೇ, ಸುತ್ತಿಗೆ ತರ್ಸು" ಎನ್ನುತ್ತಿದ್ದಳು ಸೊಸೆಗೆ. "ಒಳಗೆಲ್ಲ ತಾರಸಿ ಹಾಕ್ಬಿಟ್ಟಿದಾರೆ."

ಸೊಸೆ ಎಂದರೆ ಹೆಸರಿಗೆ ಸೊಸೆ. ಗಂಡ ಎನಿಸಿಕೊಂಡವನು ಇನ್ನೊಂದೂರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಒಮ್ಮೆ ಬಂದು ತಾಯಿಯನ್ನು ಕರೆದ. ಚೀಲದಜ್ಜಿ ಕೂತಲ್ಲಿಂದ ಏಳಲಿಲ್ಲ. ಹೆತ್ತದ್ದು ಕೆಟ್ಟುಹೋದರೆ ಪಡೆದದ್ದನ್ನಾದರೂ ಇಟ್ಟುಕೊಳ್ಳಬೇಕು ಎಂದು ಹೇಳಿ ಸೊಸೆಯ ಕಡೆ ತಲೆಯಾಡಿಸಿ ತೋರಿಸಿದಳು. ಅವನು ಚಹಾ ಕುಡಿಯದೆ ಹೋದ. ಅಂದಿನಿಂದ ಆ ಮನೆಯಲ್ಲಿ ಎರಡು ಹೆಣ್ಣು, ಒಂದು ಒಲೆ.

ಉಸಿರಿನ ಮಷೀನನ್ನು ಆಸ್ಪತ್ರೆಯವರು ಎರವಲು ಕೊಟ್ಟಿದ್ದರು. ನೋಡಲು ಸಣ್ಣ ಪೆಟ್ಟಿಗೆ, ಕೆಳಗೆ ಚಕ್ರ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಬೇಕಾದ್ದನ್ನು ಸೋಸಿ, ನಳಿಗೆಯಲ್ಲಿ ಮೂಗಿಗೆ ಕೊಡುತ್ತಿತ್ತು. ಕರೆಂಟು ಸೊರಗಿದರೆ ಹೆದರಿದ ಹಕ್ಕಿಯಂತೆ ಕೀಂಗುಡುತ್ತಿತ್ತು. ಆ ಬೀದಿಯ ತಂತಿ ತೆಳು. ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಚ್ಚಿದರೆ ಸೊರಗದೆ ಇನ್ನೇನಾದೀತು. ತನ್ನ ಹೊಲಿಗೆ ಮಷೀನು ನಿಂತರೆ ಎದುರುಮನೆಯ ಕೀಂಗುಡುವಿಕೆ ನಿಲ್ಲುತ್ತದೆ ಎನ್ನುವುದು ದರ್ಜಿಯ ಕಿವಿಗೆ ಬಿತ್ತು. ಹಾಗೆ ಹುಟ್ಟಿದ ಮಾತು ಅದು.

ಕೇಳಿದವರು ಆರಿಸಬೇಕು. ಆರಿಸಿದವರು ಪಕ್ಕದವರಿಗೆ ಹೇಳಬೇಕು. ಅಷ್ಟೇ ಕಟ್ಟಳೆ. ನಮ್ಮದು ಒಂದೇ ಬಲ್ಬು, ಅದರಿಂದ ಏನಾಗುತ್ತೆ ಎಂದು ಯಾರೂ ಕೇಳುವಂತಿಲ್ಲ. ಗೋಡೆಯ ಜಗಳದಲ್ಲಿ ವರ್ಷಗಟ್ಟಲೆ ಮಾತುಬಿಟ್ಟ ಎರಡು ಮನೆಗಳಿದ್ದವು. ಅವರೂ ಮುಖ ಆಚೆ ತಿರುಗಿಸಿಕೊಂಡು, ಗಾಳಿಗೆ ಹೇಳಿದ ಹಾಗೆ, "ಅಜ್ಜಿಗೆ ಬಿಡಿ" ಎನ್ನುತ್ತಿದ್ದರು. ಹೊಸ ಬಾಡಿಗೆಯವರಿಗೆ ಮೊದಲು ನಲ್ಲಿ ತೋರಿಸುತ್ತಿದ್ದರು, ಆಮೇಲೆ ಈ ಮಾತು ಕಲಿಸುತ್ತಿದ್ದರು. ಚೀಲದಜ್ಜಿಗೆ ಇದರಿಂದ ನಾಚಿಕೆ. ನಾಚಿಕೆಯನ್ನು ಬೈಗುಳದಲ್ಲಿ ಮುಚ್ಚುತ್ತಿದ್ದಳು. ನಿಮ್ಮ ಮಕ್ಕಳು ಓದದೆ ಕತ್ತೆ ಕಾದರೆ ನನ್ನ ಹೆಸರು ಹೇಳಬೇಡಿ ಎನ್ನುತ್ತಿದ್ದಳು.

ಬೀದಿ ಮುಗಿದ ಮೇಲೆ ಒಂದು ಬಯಲು. ಅಲ್ಲಿ ಕಿಟಕಿಯಿಲ್ಲದ ಕಟ್ಟಡವೊಂದು ಎದ್ದಿತು. ಜನ ಮೊದಲು ಗೋದಾಮು ಎಂದುಕೊಂಡರು, ಆಮೇಲೆ ಜೈಲು ಎಂದುಕೊಂಡರು. ಒಳಗಿರುವುದು ಕಂಪ್ಯೂಟರ್‌ಗಳು, ಬರೀ ಕಂಪ್ಯೂಟರ್‌ಗಳು ಎಂದು ತಿಳಿದಾಗ, ಕೆಲಸ ಸಿಕ್ಕೀತೆಂದು ಇಸ್ತ್ರಿಯ ಅಂಗಿ ಹಾಕಿಕೊಂಡು ಹೋಗಿ ಬಂದವರೆಷ್ಟೋ. ಸಿಕ್ಕಿದ್ದು ಬೀದಿಯ ಮೂಲೆಮನೆಯವನಿಗೆ ಗೇಟು ಕಾಯುವ ಕೆಲಸ, ಚೀಲದಜ್ಜಿಯ ಸೊಸೆಗೆ ನೆಲ ಒರೆಸುವ ಕೆಲಸ. ಊರಿಗೆ ಆನೆ ಬಂದರೆ ನಮ್ಮ ಪಾಲಿಗೆ ಲದ್ದಿ ಎಂದು ದರ್ಜಿ ನಕ್ಕ. ನಕ್ಕರೂ, ಸೊಸೆಗೆ ಕೆಲಸಕ್ಕೆಂದು ಕೊಟ್ಟ ಬಿಳಿ ಕೋಟಿನ ಹರಿದ ಜೇಬನ್ನು ಅವನೇ ಹೊಲಿದುಕೊಟ್ಟ.

ಕಂಪ್ಯೂಟರ್ ಮನೆಗೆ ಧೂಳೆಂದರೆ ಆಗದು. ಬಾಗಿಲಲ್ಲಿ ಅಂಟಿನ ಹಾಸು. ಅದರ ಮೇಲೆ ಕಾಲೊತ್ತಿ ಒಳಗೆ ಹೋಗಬೇಕು. ತಲೆಗೆ ಟೋಪಿ, ಮೈಗೆ ಕೋಟು. ಸೂಪರ್‌ವೈಸರ್ ಅವಳನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದ. ಕುದುರೆಯ ಲಾಳ ನೋಡುವ ಹಾಗೆ ಒಂದೊಂದೇ ಕಾಲು ಎತ್ತಿಸಿ ಅಂಗಾಲು ನೋಡುತ್ತಿದ್ದ. ನಿಮ್ಮ ಬೀದಿಯವರು ಕೂತೆದ್ದರೆ ಮಣ್ಣು ಉದುರುತ್ತೆ ಎನ್ನುತ್ತಿದ್ದ. ಅವಳು ಗೋಡೆಯನ್ನು ನೋಡುತ್ತಿದ್ದಳು.

ಒಳಗೆ ಬೀರುಗಳಂಥ ಕಪ್ಪು ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಮೈತುಂಬ ಹಸಿರು ಕಣ್ಣು. ಸಾಲಿನ ಮುಂದೆ ನಿಂತರೆ ಹಲ್ಲು ಕಟಕಟಿಸುವ ಚಳಿ. ಹಿಂದೆ ಹೋದರೆ ಒಲೆಯ ಬಾಯಿಯ ಬಿಸಿ. ಅವಳು ಮುಂದೆಯೂ ಒರೆಸಬೇಕು, ಹಿಂದೆಯೂ ಒರೆಸಬೇಕು. ಬಕೆಟ್ಟು ಒಳಗೆ ತರುವಂತಿಲ್ಲ. ಹೊರಗೇ ಬಟ್ಟೆ ಅದ್ದಿ, ಒಂದು ಹನಿ ಬೀಳದ ಹಾಗೆ ಹಿಂಡಿ, ಮಂಡಿಯೂರಿ ಒರೆಸಬೇಕು. ಹಿಂಡಿ ಹಿಂಡಿ ಮಣಿಕಟ್ಟು ಊದಿಕೊಂಡಿತು. ಮಂಡಿ ಕಪ್ಪಾಯಿತು. ಒಳಗಿನ ಭೋರೆನ್ನುವ ಸದ್ದು ಮನೆಗೆ ಬಂದ ಮೇಲೂ ಕಿವಿಯಲ್ಲಿ ಇಳಿಯುತ್ತಿರಲಿಲ್ಲ.

ಪ್ರತಿ ಸಾಲಿನ ಕೊನೆಗೆ ಗೋಡೆಗೊಂದು ಕಬ್ಬಿಣದ ಪೆಟ್ಟಿಗೆ. ಅದರ ಮೈಮೇಲೆ ಎರಡು ಕೆಂಪು ಹಿಡಿಕೆ. ಅವು ಆ ಸಾಲಿನ ಪ್ರಾಣ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಎರಡು. ಒರೆಸು, ಆದರೆ ಮುಟ್ಟಬೇಡ ಎಂದಿದ್ದ ಸೂಪರ್‌ವೈಸರ್. ಮುಟ್ಟದೆ ಒರೆಸುವುದು ಹೇಗೆಂದು ಅವಳು ಕೇಳಲಿಲ್ಲ.

ಅಲ್ಲೊಬ್ಬ ಇಂಜಿನಿಯರ್ ಇದ್ದ. ಕೆಟ್ಟವನಲ್ಲ. ಅವಳಿಗೆ ನೀವು ಎನ್ನುತ್ತಿದ್ದ. ಒಮ್ಮೆ ಅವಳು ಬಾಯಿಬಿಟ್ಟು ಕೇಳಿದ್ದಕ್ಕೆ ಬಿಡಿಸಿ ಹೇಳಿದ. ಜನ ಫೋನಿನಲ್ಲಿ ತೆಗೆದ ಚಿತ್ರ, ಆಡಿದ ಮಾತು, ಕೇಳಿದ ಪ್ರಶ್ನೆ ಎಲ್ಲ ಬಂದು ಕೂರುವುದು ಇಲ್ಲೇ. ಒಮ್ಮೆ ಬಂದು ಕೂತದ್ದನ್ನು ಹಗಲೂ ರಾತ್ರಿ ಕರೆಂಟು ಕೊಟ್ಟು ಕಾಯಬೇಕು. ಕಾದರೆ ಬಿಸಿಯಾಗುತ್ತದೆ. ಬಿಸಿ ಇಳಿಸಲು ಮತ್ತೆ ಕರೆಂಟು. ಈ ಒಂದು ಸಾಲು ತಿನ್ನುವುದರಲ್ಲಿ ನಿಮ್ಮ ಬೀದಿಯಂಥ ಬೀದಿ ಪೂರ್ತಿ ಉರಿದು ಇನ್ನೂ ಮಿಗುತ್ತದೆ ಎಂದ. ಮಗ ಚೆನ್ನಾಗಿ ಉಣ್ಣುತ್ತಾನೆ ಎಂದು ತಾಯಿ ಹೇಳಿಕೊಳ್ಳುವ ದನಿಯಲ್ಲಿ ಹೇಳಿದ. ಅವಳು ಆ ಸಾಲನ್ನು ಇನ್ನೊಮ್ಮೆ ನೋಡಿದಳು. ತನ್ನ ಬೀದಿಯನ್ನು ಯಾರೋ ನಿಲ್ಲಿಸಿ, ಬೀರುವಿನೊಳಗೆ ಮಡಚಿಟ್ಟಂತೆ ಕಂಡಿತು.

ಸಂಜೆ ಅತ್ತೆಗೆ ಇದನ್ನೆಲ್ಲ ಹೇಳಬೇಕು. ಹೇಳದಿದ್ದರೆ ಅತ್ತೆಗೆ ಗಂಜಿ ಇಳಿಯದು.

"ಅದೇನೇ ಅದು, ಬಾಣಂತಿನಾ?" ಎಂದಳು ಚೀಲದಜ್ಜಿ. "ಬಿಸಿನೂ ತಡೆಯಲ್ಲ, ತಣ್ಣಗೂ ಇರ್ಬೇಕು, ಕಾಯೋಕೆ ಜನ ಬೇಕು. ನಾನು ಹೆತ್ತಾಗ ಒಂದು ಲೋಟ ಬಿಸಿನೀರು ಕೊಟ್ಟೋರಿರ್ಲಿಲ್ಲ."

ಸೊಸೆ ನಕ್ಕಳು. ನಗುತ್ತ ಅಂಗಾಲು ನೋಡುವ ಸಂಗತಿಯನ್ನೂ ಹೇಳಿಬಿಟ್ಟಳು. ಅತ್ತೆ ನಗಲಿಲ್ಲ. ನಳಿಗೆಯಿಂದ ಎರಡು ಮೂರು ಉಸಿರು ಎಳೆದುಕೊಂಡು ಕೂತಳು.

"ಚೀಲದ ಧೂಳು ನನ್ನ ಎದೆಗೆ ಹೋಗೋವಾಗ ಒಬ್ಬ ನೋಡ್ಲಿಲ್ಲ" ಎಂದಳು. "ಪೆಟ್ಟಿಗೆ ಎದೆಗೆ ಧೂಳು ಹೋಗ್ಬಾರ್ದು ಅಂತ ನಿನ್ನ ಅಂಗಾಲು ನೋಡ್ತಾರೆ. ಬಿಡು. ಪೆಟ್ಟಿಗೆಯಾಗಿ ಹುಟ್ಬೇಕಿತ್ತು ನಾವು."

ಬಿಸಿಲು ಏರಿತು. ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ಕರೆಂಟು ಹೋಗತೊಡಗಿತು. ಸೊರಗುವುದಲ್ಲ, ಪೂರ್ತಿ ಹೋಗುವುದು. ಮೊದಲ ದಿನ ದರ್ಜಿ ಎಂದಿನಂತೆ ಬಾಗಿಲಿಗೆ ಬಂದು "ಅಜ್ಜಿಗೆ ಬಿಡಿ" ಎಂದ. ಪಕ್ಕದವಳು ಫ್ಯಾನಿನ ಸ್ವಿಚ್ಚು ಒತ್ತಲು ಹೋಗಿ ನಿಂತಳು. ಬಿಡುವುದೇನನ್ನು? ಇದ್ದದ್ದನ್ನು ಬಿಟ್ಟುಕೊಡಬಹುದು. ಇಲ್ಲದ್ದನ್ನು ಹೇಗೆ ಬಿಡುವುದು? ಆದರೂ ಅವಳು ಸ್ವಿಚ್ಚು ಒತ್ತಿ ಪಕ್ಕದ ಮನೆಗೆ ಕೂಗಿದಳು. ರೂಢಿ.

ಆ ಹೊತ್ತಿಗೆಂದು ಆಸ್ಪತ್ರೆಯಿಂದ ಒಂದು ಸಣ್ಣ ಸಿಲಿಂಡರ್ ತಂದಿಟ್ಟಿದ್ದರು. ಕರೆಂಟು ಹೋದಾಗ ನಳಿಗೆಯನ್ನು ಅದಕ್ಕೆ ಸಿಕ್ಕಿಸಬೇಕು. ಸೊಸೆ ಕೆಲಸಕ್ಕೆ ಹೋದ ಮೇಲೆ ಸಿಕ್ಕಿಸುವವನು ದರ್ಜಿ. ಅದು ಸ್ವಲ್ಪ ಹೊತ್ತಿನದು. ಕರೆಂಟು ಹೋಗುವ ಹೊತ್ತು ಉದ್ದವಾಗುತ್ತ ಹೋಯಿತು. ಸಿಲಿಂಡರ್ ಉದ್ದವಾಗಲಿಲ್ಲ.

ಬೀದಿಯವರು ಲೈನ್‌ಮನ್ನನ್ನು ಹಿಡಿದು ನಿಲ್ಲಿಸಿದರು. ಅವನು ಕಂಬ ಹತ್ತಿ ಇಳಿಯುವ ಮನುಷ್ಯ, ಸುಳ್ಳು ಹೇಳಿ ಅವನಿಗೇನೂ ಆಗಬೇಕಿಲ್ಲ. ಚೀಲದಜ್ಜಿಯ ಮನೆಯ ಹೊಸಿಲಲ್ಲಿ ಕೂತು ನೀರು ಕುಡಿದು ಹೇಳಿದ. ಬಿಸಿಲಿಗೆ ಆ ಕಟ್ಟಡದ ಪೆಟ್ಟಿಗೆಗಳು ಕಾಯುತ್ತವೆ. ತಣ್ಣಗೆ ಮಾಡಲು ಮಧ್ಯಾಹ್ನ ಎಳೆಯುವುದು ಜಾಸ್ತಿ. ಅವರದನ್ನು ಕತ್ತರಿಸುವಂತಿಲ್ಲ, ಮೇಲಿಂದ ಮಾತಾಗಿದೆ. ಯಾರದನ್ನಾದರೂ ಕತ್ತರಿಸಲೇಬೇಕಲ್ಲ. ಹಾಗೆ ಹೇಳಿ ಅವನು ಲೋಟವನ್ನು ತಾನೇ ತೊಳೆದಿಟ್ಟ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದಳು ಚೀಲದಜ್ಜಿ ಒಳಗಿಂದ. "ಎಮ್ಮೆ ನಾನೇ ಅಪ್ಪಾ. ನೋಡ್ಕೊಂಡು ಹೋಗು."

ಅವನು ತಲೆ ತಗ್ಗಿಸಿ ಹೋದ. ಬೀದಿಯವರು ಕರೆಂಟು ಆಫೀಸಿಗೆ ಹೋದರು. ಕಂಪ್ಯೂಟರ್ ಮನೆಯವರನ್ನು ಕೇಳಿ ಎಂದರು. ಕಂಪ್ಯೂಟರ್ ಮನೆಗೆ ಹೋದರು. ಕರೆಂಟು ಆಫೀಸಿನವರನ್ನು ಕೇಳಿ ಎಂದರು. ಎರಡರ ನಡುವೆ ಇದ್ದದ್ದು ಬಿಸಿಲು ಮತ್ತು ರಸ್ತೆ. ಹೋಗಿ ಬಂದು ಹೋಗಿ ಬಂದು ಜನ ಸುಮ್ಮನಾದರು.

ಒಂದು ದಿನ ಸಿಲಿಂಡರ್ ತುಂಬಿಸಲು ಕೊಟ್ಟಿತ್ತು. ಬೆಳಿಗ್ಗೆ ಬರಬೇಕಾದದ್ದು ಬಂದಿರಲಿಲ್ಲ. ಸೊಸೆ ಕೆಲಸಕ್ಕೆ ಹೊರಡಲು ಹಿಂದೆಮುಂದೆ ನೋಡಿದಳು. ಒಂದು ದಿನ ತಪ್ಪಿಸಿದರೆ ಇನ್ನೊಬ್ಬಳನ್ನು ತರುತ್ತೇನೆ ಎಂದು ಸೂಪರ್‌ವೈಸರ್ ಹೇಳಿಟ್ಟಿದ್ದ. ಅತ್ತೆಯೇ ಕೈಬೀಸಿ ಓಡಿಸಿದಳು. ನೀನು ಕೂತರೆ ಕರೆಂಟು ಇರುತ್ತಾ, ನೀನೇನು ಕಂಬಾನಾ, ಹೋಗು ಎಂದಳು. ಅವಳು ಹೋದಳು.

ಮಧ್ಯಾಹ್ನ ಅವಳು ಕೊನೆಯ ಸಾಲಿನ ಮುಂದೆ ಮಂಡಿಯೂರಿ ಒರೆಸುತ್ತಿದ್ದಳು. ಗೇಟು ಕಾಯುವವನು ಬಾಗಿಲಲ್ಲಿ ಬಂದು ನಿಂತ. ಅವನು ಒಳಗೆ ಬರುವಂತಿಲ್ಲ. ಅಂಟಿನ ಹಾಸಿನ ಆಚೆಯೇ ನಿಂತಿದ್ದ. ಮುಖ ಬಿಳಿಚಿತ್ತು. ದರ್ಜಿ ಗೇಟಿಗೆ ಓಡಿಬಂದಿದ್ದ, ಇವನಿಗೆ ಹೇಳಿ ಹಾಗೇ ಓಡಿಹೋದ, ಅಜ್ಜಿಯ ಹತ್ತಿರ ಇರಬೇಕಲ್ಲ. ಇವನು ಹೇಳಿದ್ದು ಎರಡೇ ಮಾತು.

"ಅಜ್ಜಿಗೆ ಬಿಡಿ."

ಅವಳ ಕೈ ನಿಂತಿತು. ಈ ಮಾತು ಕೇಳಿದರೆ ಮಾಡುವುದೇನೆಂದು ಆ ಬೀದಿಯಲ್ಲಿ ಮಗುವಿಗೂ ಗೊತ್ತು. ಕೇಳಿದವರು ಆರಿಸಬೇಕು. ಆರಿಸಿದವರು ಪಕ್ಕದವರಿಗೆ ಹೇಳಬೇಕು. ಅವಳ ಎದುರು ಒಂದು ಬೀದಿಯ ಕರೆಂಟು ಭೋರೆಂದು ಉರಿಯುತ್ತಿತ್ತು. ಇದೂ ಒಂದು ಮನೆ. ಬೀದಿಯ ಕೊನೆಯ ಮನೆ. ಇಷ್ಟು ದಿನ ಈ ಮನೆಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಅವಳು ಎದ್ದು ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಿದಳು. ಒಂದೇ ಒಂದು ಸಾಲು ಸಾರ್, ಸಿಲಿಂಡರ್ ಬರೋವರೆಗೆ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಕ್ಕ. ಇದೇನು ನಿನ್ನ ಮನೆಯ ಬಚ್ಚಲ ಬಲ್ಬಾ ಎಂದ. ಕಾಲು ಒರೆಸಿಕೊಂಡು ಹೋಗು, ಇಲ್ಲೆಲ್ಲ ಹೆಜ್ಜೆ ಮೂಡಿದೆ ಎಂದ.

ಅವಳು ಇಂಜಿನಿಯರ್ ಹತ್ತಿರ ಓಡಿದಳು. ಅವನು ನಗಲಿಲ್ಲ. ಕುರ್ಚಿಯಿಂದ ಎದ್ದು ನಿಂತು ಕೇಳಿದ.

"ಇಲ್ಲಿ ಆರಿಸಿದ್ರೂ ಅದು ನಿಮ್ಮ ಬೀದಿಗೆ ಹೋಗಲ್ಲಮ್ಮ" ಎಂದ. "ಅದಕ್ಕೆ ಬೇರೆಯವರು ಹೇಳ್ಬೇಕು."

"ಯಾರು ಹೇಳ್ಬೇಕು?"

"ಗೊತ್ತಿಲ್ಲ. ಮೇಲಿನವರು."

"ನೀವು ನಿಮ್ಮ ಪಕ್ಕದವರಿಗೆ ಹೇಳಿ ಸಾರ್. ಅವರು ಅವರ ಪಕ್ಕದವರಿಗೆ ಹೇಳ್ಲಿ. ಹಾಗೇ ಹೋಗುತ್ತೆ ಅದು."

ಅವನು ಫೋನು ಕೈಗೆತ್ತಿಕೊಂಡ. ಯಾರಿಗೆ ಮಾಡಬೇಕೆಂದು ತಿಳಿಯದೆ ಅದನ್ನೇ ನೋಡುತ್ತ ನಿಂತ. ಓದಿದ್ದ, ತಿಳಿದಿದ್ದ, ಕರುಣೆಯೂ ಇತ್ತು. ಪಕ್ಕದವರು ಮಾತ್ರ ಇರಲಿಲ್ಲ.

ಅವಳು ತಿರುಗಿ ಹೋದಳು. ಅಂಟಿನ ಹಾಸಿನ ಮೇಲೆ ಕಾಲೊತ್ತಲಿಲ್ಲ. ಟೋಪಿ ಎಲ್ಲೋ ಬಿದ್ದಿತ್ತು. ಕೊನೆಯ ಸಾಲಿನ ಗೋಡೆಯ ಪೆಟ್ಟಿಗೆಯ ಮುಂದೆ ನಿಂತಳು. ಆ ಹಿಡಿಕೆಗಳನ್ನು ದಿನಾ ಒರೆಸಿದವಳು. ಒಂದನ್ನು ಹಿಡಿದು ಕೆಳಗೆ ಎಳೆದಳು. ಸಾಲಿನ ಒಂದು ಹಸಿರು ಕಣ್ಣೂ ಮುಚ್ಚಲಿಲ್ಲ. ಇವಕ್ಕೆ ಬಿದ್ದರೆ ಹಿಡಿಯಲು ಇನ್ನೊಂದಿದೆ. ಅತ್ತೆಗೆ ಇರಲಿಲ್ಲ. ಊದಿದ ಮಣಿಕಟ್ಟಿನಿಂದ ಎರಡನೆಯದನ್ನೂ ಎಳೆದಳು.

ಸಾಲು ಸತ್ತಿತು. ಹಸಿರು ಕಣ್ಣುಗಳೆಲ್ಲ ಒಟ್ಟಿಗೆ ಮುಚ್ಚಿದವು. ಭೋರೆನ್ನುವ ಸದ್ದಿನಲ್ಲಿ ಒಂದು ತೂತು ಬಿತ್ತು. ಆ ತೂತಿನಲ್ಲಿ ಅವಳಿಗೆ ತನ್ನ ಉಸಿರು ಕೇಳಿಸಿತು. ಅಷ್ಟು ದಿನ ಅಲ್ಲಿ ದುಡಿದರೂ ಒಮ್ಮೆಯೂ ಕೇಳಿಸಿರಲಿಲ್ಲ.

ಅವಳು ಪಕ್ಕದ ಸಾಲಿಗೆ ಹೊರಟಳು. ಪಕ್ಕದವರಿಗೂ ಹೇಳಬೇಕಲ್ಲ. ಅಷ್ಟರಲ್ಲಿ ಹಿಡಿದರು.

ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿದರು. ಮನೆಗೆ ಬಿಡಿ, ಅತ್ತೆ ಉಸಿರು ಕಟ್ಟಿ ಬಿದ್ದಿದ್ದಾಳೆ, ನೋಡಿ ವಾಪಸ್ಸು ಬರುತ್ತೇನೆ, ಆಮೇಲೆ ಏನು ಬೇಕಾದರೂ ಮಾಡಿ ಎಂದಳು. ಸೂಪರ್‌ವೈಸರ್‌ನ ಮುಖ ಬೆವರಿತ್ತು, ಆ ಚಳಿಯಲ್ಲಿ. ಈಗ ಅವನ ಕೆಲಸಕ್ಕೇ ಕುತ್ತು. ಒರೆಸುವವಳು ಬೇಕೆಂದೇ ಎಳೆದಳು ಎಂದರೆ ಅವನು ಏನು ಕಾಯುತ್ತಿದ್ದ ಎಂದು ಕೇಳುತ್ತಾರೆ. ಅವನು ಮಾತು ರೆಕಾರ್ಡ್ ಮಾಡಿಕೊಳ್ಳಲು ಫೋನು ತೆಗೆದು ಅವಳ ಮುಖದ ಮುಂದೆ ಹಿಡಿದ.

"ಒರೆಸ್ತಾ ಇದ್ದೆ, ಕೈ ತಪ್ಪಿ ತಾಗ್ತು ಅನ್ನು. ಅಂದ್ಬಿಟ್ಟು ಮನೆಗೆ ಹೋಗು. ಇಲ್ಲ ಅಂದ್ರೆ ಪೊಲೀಸ್ನೋರು ಬರೋವರೆಗೂ ಇಲ್ಲೇ ಕೂರು."

ಇಂಜಿನಿಯರ್ ಬಾಗಿಲಲ್ಲಿ ನಿಂತಿದ್ದ. ಎರಡು ಹಿಡಿಕೆಗೂ ಕೈ ತಪ್ಪುತ್ತಾ ಎಂದು ಮೆಲ್ಲಗೆ ಕೇಳಿದ. ಅದು ಮೇಲಿನವರಿಗೆ ಗೊತ್ತಾಗಲ್ಲ ಎಂದ ಸೂಪರ್‌ವೈಸರ್. ಆ ಸಾಲಿನ ಕೆಲಸ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬೇರೆ ಸಾಲಿಗೆ ಹೋಗಿತ್ತು. ಪ್ರಪಂಚದಲ್ಲಿ ಯಾರ ಚಿತ್ರವೂ ಅಳಿಸಿರಲಿಲ್ಲ, ಯಾರ ಪ್ರಶ್ನೆಯೂ ನಿಂತಿರಲಿಲ್ಲ. ಯಾರಿಗೂ ಗೊತ್ತೇ ಆಗಿಲ್ಲ, ಸಮಾಧಾನ ಮಾಡಿಕೊಳ್ಳಿ ಎಂದು ಇಂಜಿನಿಯರ್ ಅವಳಿಗೇ ಹೇಳಿದ.

ಅವಳು ತಲೆ ಎತ್ತಿದಳು.

"ಯಾರಿಗೂ ಗೊತ್ತೇ ಆಗ್ಲಿಲ್ವಾ?"

"ಇಲ್ಲಮ್ಮ."

"ಹಾಗಾದ್ರೆ ಮೊದ್ಲೇ ಬಿಡ್ಬೋದಿತ್ತಲ್ಲ ಸಾರ್."

ಅವನು ಬಾಗಿಲಿಂದ ಸರಿದು ಹೋದ. ಫೋನು ಮುಖದ ಮುಂದೆ ಹಾಗೇ ಇತ್ತು. ಅವಳ ಕಣ್ಣಿಗೆ ಮನೆಯ ಗೋಡೆ, ಗೋಡೆಗೆ ಒರಗಿದ ಅತ್ತೆ, ಅತ್ತೆಯ ಬಾಯಿ. ಅವನು ಹೇಳಿಕೊಟ್ಟದ್ದನ್ನು ಹೇಳಿದರೆ ಮನೆ, ಹೇಳದಿದ್ದರೆ ಕೋಣೆ. ಅವಳು ಹೇಳಿದಳು. ಕೈ ತಪ್ಪಿತು ಎಂದಳು. ಸ್ಪಷ್ಟವಾಗಿ ಕೇಳಲಿಲ್ಲ, ಇನ್ನೊಮ್ಮೆ ಅನ್ನು ಎಂದ. ಇನ್ನೊಮ್ಮೆ ಹೇಳಿದಳು. ತಪ್ಪಾಯ್ತು ಅಂತಲೂ ಸೇರಿಸು ಎಂದ. ಸೇರಿಸಿದಳು. ಕೋಟು ಬಿಚ್ಚಿಸಿಕೊಂಡು ಬಿಟ್ಟರು.

ಓಡಿದಳು. ಬೀದಿಯ ತುದಿಯಲ್ಲೇ ತಿಳಿಯಿತು. ಬಾಗಿಲುಗಳಲ್ಲಿ ನಿಂತವರು ಯಾರೂ ಅವಳ ಮುಖ ನೋಡಲಿಲ್ಲ. ಮಾತುಬಿಟ್ಟ ಆ ಎರಡು ಮನೆಯ ಹೆಂಗಸರು ಒಂದೇ ಜಗಲಿಯಲ್ಲಿ ಕೂತಿದ್ದರು.

ಗಾಳಿ ಆಡಲಿ ಎಂದು ಚೀಲದಜ್ಜಿಯನ್ನು ಮಂಚದ ಸಮೇತ ಹೊರಗೆ ತಂದಿದ್ದರು. ದರ್ಜಿಯ ಕೈಯಲ್ಲಿ ಇನ್ನೂ ರಟ್ಟು ಇತ್ತು. ಬೀಸುವುದು ನಿಂತಿತ್ತು. ಸೊಸೆ ಅತ್ತೆಯ ಪಾದ ಹಿಡಿದುಕೊಂಡು ನೆಲಕ್ಕೆ ಕೂತಳು. ಅಳು ಬರಲಿಲ್ಲ. ಅಂಗಾಲಿನ ಬಿರುಕುಗಳಲ್ಲಿ ಆ ಹಳೆಯ ಬೂದಿಬಣ್ಣ ಇನ್ನೂ ಇತ್ತು. ಎಷ್ಟು ವರ್ಷ ತೊಳೆದರೂ ಹೋಗದ ಸಿಮೆಂಟು. ಅವಳು ತನ್ನ ಬಟ್ಟೆಯ ತುದಿಯಿಂದ ಅದನ್ನು ಒರೆಸಿದಳು. ಒರೆಸುತ್ತಲೇ ಇದ್ದಳು. ಯಾರೋ ಕೈ ಹಿಡಿದು ನಿಲ್ಲಿಸಿದರು.

ಹೊತ್ತು ಇಳಿದಾಗ ಎಂದಿನಂತೆ ಕರೆಂಟು ಬಂತು. ಬೀದಿಯಲ್ಲಿ ಒಂದು ಮನೆಯೂ ದೀಪ ಹಾಕಲಿಲ್ಲ. ಒಳಗೆ ಯಾರೂ ಆರಿಸದೆ ಬಿಟ್ಟಿದ್ದ ಉಸಿರಿನ ಮಷೀನು ತನ್ನಷ್ಟಕ್ಕೆ ತಾನೇ ಗುರ್ ಎಂದು ತಿರುಗತೊಡಗಿತು. ಕೀಂಗುಡದೆ, ಸರಿಯಾಗಿ, ಎಂದೂ ಇಲ್ಲದಷ್ಟು ಚೆನ್ನಾಗಿ ತಿರುಗಿತು. ಕೆಳಗೆ ಬಿದ್ದ ನಳಿಗೆ ಯಾರಿಗೂ ಅಲ್ಲದ ಉಸಿರನ್ನು ನೆಲಕ್ಕೆ ಊದುತ್ತಿತ್ತು. ಸೊಸೆ ಎದ್ದು ಹೋಗಿ ಆರಿಸಿದಳು. ಆಮೇಲೆ ಅತ್ತಳು.

ದರ್ಜಿ ಅವಳ ಪಕ್ಕ ಕೂತ. ಅವನಿಗೆ ಹೇಳಲು ಒಂದಿತ್ತು.

"ಕೊನೆಗೆ ಒಂದು ಸುಳ್ಳು ಹೇಳ್ಬಿಟ್ಟೆ ತಂಗಿ" ಎಂದ. "ಗೇಟಿಂದ ವಾಪಸ್ಸು ಬಂದೆ. ಅಜ್ಜಿ ಕಣ್ಣು ಬಿಟ್ರು. ಎಲ್ರೂ ಬಿಟ್ರಾ ಅಂದ್ರು. ಎಲ್ರೂ ಬಿಟ್ರು ಅಜ್ಜಿ ಅಂದೆ. ಆ ದೊಡ್ಮನೆಯವ್ರು? ಅಂದ್ರು. ನಾನೇನ್ ಹೇಳ್ಲಿ. ಅವ್ರೂ ಬಿಟ್ರು ಅಜ್ಜಿ, ಈಗ ಬರುತ್ತೆ ಅಂದೆ. ಪರವಾಗಿಲ್ವೇ ಅಂದ್ರು. ನಕ್ಕ ಹಾಗೆ ಮಾಡಿದ್ರು. ಅಷ್ಟೇ."

ಸೊಸೆ ಕಣ್ಣೊರೆಸಿಕೊಂಡಳು.

"ಅದು ಸುಳ್ಳಲ್ಲ ಅಣ್ಣ" ಎಂದಳು. "ಒಂದು ಸಾಲು ಬಿಟ್ಟಿದ್ರು. ನಾನೇ ಬಿಡಿಸಿದ್ದೆ."

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ದರ್ಜಿ ಸುಳ್ಳೆಂದುಕೊಂಡು ಹೇಳಿದ್ದು ನಿಜವಾಗಿತ್ತು. ಅದನ್ನು ಸುಳ್ಳು ಮಾಡಿ ಬಂದವಳು ತಾನು. ಕೈ ತಪ್ಪಿತು ಎಂದರೆ ಯಾರೂ ಬಿಡಲಿಲ್ಲ ಎಂದೇ ಅರ್ಥ. ಅತ್ತೆ ಕೊನೆಗೆ ನಂಬಿ ನಕ್ಕದ್ದನ್ನು ತಾನು ಕೈ ತಪ್ಪಿತು ಎಂದು ಹೇಳಿ ಬಿಟ್ಟುಕೊಟ್ಟು ಬಂದಿದ್ದಳು, ಅದೂ ಎರಡೆರಡು ಸಲ.

ಅತ್ತೆಯನ್ನು ಮಣ್ಣು ಮಾಡಿದರು. ಹಾರೆ ಸಾಕಾಯಿತು, ಸುತ್ತಿಗೆ ಬೇಕಾಗಲಿಲ್ಲ. ಮಾರನೆಯ ದಿನ ಬಿಸಿಲು ಏರುವ ಹೊತ್ತಿಗೆ ಅವಳು ಕಂಪ್ಯೂಟರ್ ಮನೆಯ ಗೇಟಿಗೆ ಹೋದಳು. ಕಾಲು ತೊಳೆದುಕೊಂಡು ಹೋಗಲಿಲ್ಲ. ಗುಂಡಿಯ ಹಸಿಮಣ್ಣು ಒಣಗಿ ಅಂಗಾಲಿಗೆ ಹತ್ತಿತ್ತು. ದರ್ಜಿ ಬರುತ್ತೇನೆ ಎಂದ. ಬೀದಿಯ ಹಲವರೂ ಹಾಗೇ ಎಂದರು. 'ಬನ್ನಿ' ಎಂದೂ ಅವಳು ಹೇಳಲಿಲ್ಲ, 'ಬೇಡ' ಎಂದೂ ಹೇಳಲಿಲ್ಲ. ಅವರು ಹಿಂದೆ ಬಂದರು.

ಗೇಟು ಕಾಯುವವನು ಬಾಗಿಲ ಸಂದಿಯಿಂದ ನೋಡಿದ. ನಿನ್ನನ್ನು ಒಳಗೆ ಬಿಡಬಾರದು ಅಂತ ಹೇಳಿದ್ದಾರೆ ಅಕ್ಕ ಎಂದ. ಗೊತ್ತು ಎಂದಳು. ಕೆಲಸ ಕೇಳಲು ಬಂದಿಲ್ಲ ಎಂದಳು.

"ನನ್ನ ಒಂದು ಮಾತು ಒಳಗಿದೆ. ಫೋನಲ್ಲಿ ಹಿಡ್ಕೊಂಡ್ರು. ಈಗ ಅದು ಯಾವುದೋ ಪೆಟ್ಟಿಗೇಲಿ ಕೂತಿರುತ್ತೆ. ಅದನ್ನ ಕಾಯೋಕೆ ಹಗಲೂ ರಾತ್ರಿ ಕರೆಂಟು ಸುಡ್ತಾರೆ. ನಮ್ಮತ್ತೆಗೆ ಬಿಡದ ಕರೆಂಟು. ಅದು ಸುಳ್ಳು. ಅದನ್ನ ವಾಪಸ್ಸು ತಗೊಳ್ಳೋಕೆ ಬಂದಿದೀನಿ."

"ಅದು ಹಾಗೆಲ್ಲ ವಾಪಸ್ಸು ಬರಲ್ಲ ಅಕ್ಕ."

"ಬರದಿದ್ರೆ ಬೇಡ. ಇದನ್ನೂ ಹೇಳು. ಹಿಡಿಕೆ ಎರಡಿತ್ತು. ಎರಡನ್ನೂ ನಾನೇ ಎಳೆದೆ. ಕೇಳಿದೆ, ಬಿಡ್ಲಿಲ್ಲ, ಎಳೆದೆ. ಕೈ ತಪ್ಪಿಲ್ಲ."

"ಪೊಲೀಸ್ನೋರು ಬರ್ತಾರೆ."

"ಬರ್ಲಿ. ಇಲ್ಲೇ ಕೂತಿರ್ತೀನಿ."

"ಯಾರಿಗೆ ಹೇಳ್ಲಿ ನಾನು?"

"ಪಕ್ಕದವರಿಗೆ."

ಅವನು ಅವಳನ್ನು ನೋಡಿದ. ಅವಳ ಹಿಂದೆ ನಿಂತ ಬೀದಿಯನ್ನು ನೋಡಿದ. ಅವನೂ ಮೂಲೆಮನೆಯವನು, ಎಷ್ಟೋ ಸಂಜೆ ಉಣ್ಣುವ ತಟ್ಟೆಯ ಮುಂದಿನ ದೀಪ ಆರಿಸಿದವನು. ತಿರುಗಿ ಒಳಬಾಗಿಲ ಹತ್ತಿರ ಹೋದ. ಅಲ್ಲಿ ಹೊಸದಾಗಿ ಬಂದ ಒರೆಸುವವಳು ಬಕೆಟ್ಟಿನ ಮುಂದೆ ಕೂತು ಬಟ್ಟೆ ಹಿಂಡುತ್ತಿದ್ದಳು. ಅವನು ಬಗ್ಗಿ ಅವಳಿಗೆ ಹೇಳುವುದು ಕಂಡಿತು. ಅವಳ ಕೈ ನಿಂತಿತು. ಅವಳು ಎದ್ದು, ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡು, ಒಳಗೆ ಹೋದಳು.

ಚೀಲದಜ್ಜಿಯ ಸೊಸೆ ಗೇಟಿನ ಮುಂದೆ, ಬಿಸಿಲಿನಲ್ಲಿ, ನೆಲದ ಮೇಲೆ ಕೂತಳು. ಕಾಲು ಚಾಚಿದಳು. ಮಣ್ಣು ಹತ್ತಿದ ಎರಡು ಅಂಗಾಲೂ ಕಟ್ಟಡದ ಕಡೆಗಿದ್ದವು.